ಇನ್ನೂರು ಚೆಂಬು

ಮನೆ ಕಟ್ಟಲು ಮುರಕಲ್ಲು ಕಡಿದ ಗುಂಡಿ ಇದು,
ಮನೆಯಷ್ಟೇ ವಯಸ್ಸು.
ತುಂಬಿಸಿ ಮುಚ್ಚುವ ಎಂದವರೇ ಎಲ್ಲ;
ಮಣ್ಣಿನ ಲಾರಿಗೆ ಹಣ ಕೂಡಿದ ವರ್ಷವೇ
ತಂಗಿಯ ಮಗಳು ನಿರೀಕ್ಷಾ
ಉಡುಪಿಯ ಅಂಗಡಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ
ಏಳು ಮೀನು ತಂದು ಬಿಟ್ಟಳು.
ಐದು ಕೆಂಪು, ಒಂದು ಬಿಳಿ,
ಇನ್ನೊಂದು ತನ್ನ ಬಣ್ಣವನ್ನು ಇನ್ನೂ ತೀರ್ಮಾನಿಸಿರಲಿಲ್ಲ.

ನನಗೆ ನಗು.
ಮೀನು ಎಂದರೆ ನನಗೆ ಕ್ರೇಟಿನ ಲೆಕ್ಕ.
ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಇಪ್ಪತ್ತೆಂಟು ವರ್ಷ:
ಡಬ್ಬಿ ಎತ್ತು, ಗಡ್ಡೆ ಜಾರಿಸು, ಕ್ರಷರಿಗೆ ತಳ್ಳು,
ಬೋಟಿನ ಹೊಟ್ಟೆಗೆ ಹುಡಿ ಹುಡಿ ಚಳಿ ತುಂಬು.
ಹೊರಗೆ ಏಪ್ರಿಲ್ ಕುದಿಯುವಾಗ
ಒಳಗೆ ಎರಡು ಸ್ವೆಟರ್ ಹಾಕಿ ಬೆವರಿದವ ನಾನು.
ಬಂಗುಡೆಯ ಕಣ್ಣು ಮಸುಕಾಗದಂತೆ ಕಾಯುವುದು ಗೊತ್ತು.
ಸತ್ತದ್ದನ್ನು ಚೆನ್ನಾಗಿ ಇಡುವುದು ಗೊತ್ತು.

ಆ ವರ್ಷ ಗುಂಡಿಯ ನೀರು ಮೊಣಕಾಲಿಗೆ ಇಳಿಯಿತು.
ಕೈ ಹಾಕಿದರೆ ಬಾಣಂತಿಯ ಬಚ್ಚಲು.
ಬೆಳಗಿನ ಜಾವ ಏಳೂ ಮೇಲೆ ಬಂದು
ಬಾಯಿ ತೆರೆದು ಮುಚ್ಚಿ ತೆರೆದು
ಏನೋ ಹೇಳುತ್ತಿದ್ದವು, ಸ್ವರವಿಲ್ಲದೆ.

ಎಂತ ಮಾಡುದು ಮಾರಾಯ,
ನನಗೆ ಗೊತ್ತಿದ್ದದ್ದು ಒಂದೇ ಮದ್ದು.
ಗೋಣಿಯಲ್ಲಿ ಸುತ್ತಿದ ಕಾಲು ಗಡ್ಡೆ ಐಸನ್ನು
ಸ್ಕೂಟರಿನಲ್ಲಿ ಕಾಲಿನ ನಡುವೆ ಇಟ್ಟು ತಂದೆ.
ಕಲ್ಮಾಡಿಯವರೆಗೂ ಅದು ಹನಿ ಹಾಕುತ್ತಲೇ ಬಂತು,
ನನ್ನ ಹಿಂದೆ ಒಂದು ಒದ್ದೆ ಗೆರೆ,
ಎಳೆದ ಕೂಡಲೇ ಒಣಗುವುದು.
ಗುಂಡಿಗೆ ದೂಡಿದೆ.
ಬಿಳಿಯದು ಮೊದಲು ಪಕ್ಕಕ್ಕೆ ವಾಲಿತು.
ಸಂಜೆಗೆ ಐದು ಉಳಿದವು.
ನಿರೀಕ್ಷಾ ಅಳಲಿಲ್ಲ.
"ಮಾಮ, ಅದಕ್ಕೆ ಚಳಿ ಆಯ್ತಾ?"
ಅಷ್ಟೇ ಕೇಳಿದ್ದು.

ಪ್ಲಾಂಟಿನಲ್ಲಿ ಟೇಕ್ ಬಹಾದುರನಿಗೆ ಹೇಳಿದೆ.
ನೇಪಾಳದ ಜುಮ್ಲಾದವ. ನಗಲಿಲ್ಲ.
ನಮ್ಮ ಪುಯಿಂತೆಲ್ ತಿಂಗಳಿಗೆ ಸರಿಯಾಗಿ
ಅವನ ಊರಿನ ಹೊಂಡದಲ್ಲಿ
ನೀರಿನ ಮೇಲೆ ನೀರೇ ಬಾಗಿಲು ಹಾಕುತ್ತದಂತೆ.
ಮೀನು ತಳದಲ್ಲಿ, ಕೆಸರಿಗೆ ಹೊಟ್ಟೆ ಹಚ್ಚಿ,
ಅಲುಗದೆ, ಉಣ್ಣದೆ, ಮೂರು ತಿಂಗಳು.
ಹುಡುಗರು ಕಲ್ಲೆತ್ತಿದರೆ ಅವನ ಅಜ್ಜಿ ಬೈಯುವಳಂತೆ:
ಒಡೆಯಬೇಡಿ, ಪೆಟ್ಟು ಕೆಳಗಿನವರಿಗೆ ಬೀಳುತ್ತದೆ.
ಬಿಸಿನೀರಿನ ಪಾತ್ರೆಯನ್ನು ಐಸಿನ ಮೇಲೆ ಇಟ್ಟು
ಪಕ್ಕದಲ್ಲೇ ಕೂತಿರುವಳಂತೆ,
ರೊಟ್ಟಿಯಷ್ಟಗಲ ಒಂದು ಬಾಯಿ ತೆರೆಯುವ ತನಕ.
"ನಿಧಾನ, ದಾಜು," ಎಂದ. ಅಣ್ಣನಿಗೆ ಅವರ ಮಾತು ಅದು.
"ಬಿಸಿಯೂ ನಿಧಾನ, ಚಳಿಯೂ ನಿಧಾನ."
ಹೇಳುತ್ತಿದ್ದಾಗಲೂ ಅವನ ಕೈ
ಗಡ್ಡೆಗೆ ಕಬ್ಬಿಣ ಬಡಿಯುತ್ತಲೇ ಇತ್ತು.

ಈಗ ಅರ್ಧ ಗುಂಡಿಗೆ ಮಡಲಿನ ತಟ್ಟಿಯ ನೆರಳು.
ಅಪೊಲಿನ್ ಬಾಯಿ ತಮ್ಮ ಬಾವಿಯಿಂದ
ದಿನಕ್ಕೆ ಎಂಟು ಕೊಡ ಬಿಡುತ್ತಾರೆ,
ಒಂಬತ್ತನೆಯದಕ್ಕೆ ಕೆಮ್ಮುತ್ತಾರೆ.
ಆ ನೀರು ಒಂದಿಡೀ ರಾತ್ರಿ ಹಂಡೆಯಲ್ಲಿ ಕೂತು
ಹೊರಗಿನ ಸೆಕೆಯನ್ನು ಕಲಿಯಬೇಕು.
ಆಮೇಲೆ, ನಾಲ್ಕು ಗಂಟೆಗೆ,
ಕಲ್ಲಿನ ಮೇಲೆ ನಿಂತು, ತಲೆಯಷ್ಟು ಎತ್ತರದಿಂದ
ಚೆಂಬು ಬಗ್ಗಿಸಿ ಸಪೂರ ಹೊಯ್ಯುತ್ತೇನೆ,
ಚಾ ಆರಿಸುವ ಹೋಟೆಲಿನವನ ಹಾಗೆ,
ನೀರು ಗಾಳಿಯ ಕೈ ಹಿಡಿದುಕೊಂಡು ಬೀಳಲಿ ಎಂದು.
ಇನ್ನೂರು ಚೆಂಬು. ಕೆಲವೊಮ್ಮೆ ಲೆಕ್ಕ ತಪ್ಪಿ
ಮತ್ತೆ ನೂರರಿಂದ.
ಐದೂ ಬರುತ್ತವೆ.

ನನ್ನ ಬಲಗೈಯ ಎರಡು ಬೆರಳ ತುದಿಯನ್ನು
ಎಂದೋ ಐಸು ತಿಂದಿದೆ;
ಸೂಜಿ ಚುಚ್ಚಿದರೂ ಗೊತ್ತಾಗುವುದಿಲ್ಲ.
ಚೆಂಬು ಕೆಳಗಿಟ್ಟು ಅದನ್ನೇ ನೀರಿಗೆ ಇಳಿಸುತ್ತೇನೆ.
ಬಣ್ಣ ತೀರ್ಮಾನಿಸದ ಆ ಒಂದು
(ಈಗಲೂ ತೀರ್ಮಾನಿಸಿಲ್ಲ)
ಬಂದು ತುದಿಯನ್ನು ಕಚ್ಚಿ ನೋಡುತ್ತದೆ.
ಕಚ್ಚಿದ್ದು ಗೊತ್ತಾಗುವುದಿಲ್ಲ,
ಬ್ಯಾಟರಿಯ ಬೆಳಕಿನಲ್ಲಿ ಕಾಣುತ್ತದೆ.

ಹೊತ್ತಾಯಿತು. ಬೋಟು ಬಂದಿರಬಹುದು.