ಗಾಳಿ ಹೋದಾಗ

ಗಾಳಿ ಬಂದಾಗ ತೂರಿಕೋ ಅನ್ನುವುದು ನಮ್ಮ ಕಡೆಯ ಮಾತು.
ಶೆಟ್ಲೆಂಡಿನ ಯೆಲ್ ದ್ವೀಪಕ್ಕೆ ಬಂದು
ಅದನ್ನು ತಿರುವಿಹಾಕಿ ಕಲಿತೆ:
ಗಾಳಿ ಹೋದಾಗ ಸ್ಪ್ಯಾನರ್ ಹಿಡಿ.

ಅದು ಹೋಗುವುದೇ ವರುಷಕ್ಕೆ ಹತ್ತೋ ಹನ್ನೊಂದೋ ದಿನ.
ಆ ದಿನ ನನಗೆ ಪಾಳಿ ಇರಬಾರದು
(ಸಾಲ್ಮನ್ ಸಾಕಣೆಯಲ್ಲಿ ಮೀನಿನ ಹೇನು ಎಣಿಸುತ್ತೇನೆ),
ಲೌರಿ ಇಂಕ್‌ಸ್ಟರನ ಮೊಣಕಾಲು ಒಪ್ಪಬೇಕು,
ಕುರಿಗಳು ಬೇಲಿಯಾಚೆ ಇರಬೇಕು.
ಕಂಬದ ಬಿಗಿತಂತಿಗೆ ಮೈ ಉಜ್ಜುವುದು ಅವುಗಳ ಚಟ.

ನಾನು ನೀಲವೇಣಿ. ಅವನು ನೀಲ್ ಅನ್ನುತ್ತಾನೆ.
ಇಲ್ಲಿ ಅದು ಗಂಡಸಿನ ಹೆಸರು. ತಿದ್ದಲಿಲ್ಲ;
ಕಂಬ ಎತ್ತಲು ಇಬ್ಬರು ಗಂಡಸರು ಬೇಕು ಎಂದಿದ್ದ.

ಎತ್ತಿದ್ದು ಒಂದು ಜೂನಿನಲ್ಲಿ,
ರಾತ್ರಿ ಹನ್ನೊಂದಕ್ಕೂ ತಿರುಪಿನ ಮರೆ ಕಾಣುವ ಬೆಳಕಿನಲ್ಲಿ.
ಪೀಟ್ ಮಣ್ಣು, ಕಲಸಿಟ್ಟ ಹಿಟ್ಟಿನಂತೆ, ಗೂಟ ಕಚ್ಚುವುದಿಲ್ಲ.
ಎದೆಯಾಳ ತೋಡಿ, ಬಂಡೆ ತಗುಲಿದ ಮೇಲೆ
ನಾಲ್ಕು ದಿಕ್ಕಿಗೂ ಕಾಂಕ್ರೀಟು ಸುರಿದೆವು.
ಏಳು ಮೀಟರಿನ ಕೊಳವೆ, ಬುಡಕ್ಕೆ ಕೀಲು,
ಒಡೆದ ದೋಣಿಯಿಂದ ಕಿತ್ತು ತಂದ ಕೈರಾಟೆ.
ಅವನು ತಿರುವಿದ, ನಾನು ಹಿಂದಿನ ತಂತಿ ಸಡಿಲಿಸುತ್ತ ಬಂದೆ,
ಗಾಳಿಪಟಕ್ಕೆ ದಾರ ಬಿಟ್ಟ ಹಾಗೆ... ಅಲ್ಲ,
ಕಾಯಿಲೆಯವರನ್ನು ಮಂಚದಿಂದ ಎಬ್ಬಿಸಿದ ಹಾಗೆ,
ಎಲ್ಲ ಕಡೆಯಿಂದ ಆತುಕೊಂಡು.

ದೀಪ ಹತ್ತಿತು. ಅಂಥದ್ದೇನೂ ಆಗಲಿಲ್ಲ.
ಹಳದಿ ಬಲ್ಬಿನ ಕೆಳಗೆ ತೊಳೆಯದ ಎರಡು ಲೋಟ.

ಕೆಲಸವೆಲ್ಲ ಆಮೇಲಿನದು.
ತಿಂಗಳಿಗೊಮ್ಮೆ ಬ್ಯಾಟರಿಯ ಮುಚ್ಚಳ ಬಿಚ್ಚಿ
ಬಟ್ಟಿಯಿಳಿಸಿದ ನೀರು, ಸೀಸದ ತಟ್ಟೆ ಮುಳುಗುವಷ್ಟೇ.
ನನ್ನ ಮೂರು ಪ್ಯಾಂಟಿಗೂ ಆಸಿಡ್ಡಿನ ತೂತು.
ರೆಕ್ಕೆಯನ್ನು ಉಪ್ಪು ತಿನ್ನುವುದು ಇಲಿ ರೊಟ್ಟಿ ತಿಂದಂತೆ,
ಅಂಚಿನಿಂದ. ಟೇಪು ಸುತ್ತು, ಮತ್ತೆ ಸುತ್ತು.
ಬೇರಿಂಗಿನ ಸದ್ದು ನನಗೆ ಕೇಳಿಸುತ್ತದೆ, ತಿಳಿಯುವುದಿಲ್ಲ;
ಲೌರಿಗೆ ತಿಳಿಯುತ್ತದೆ, ಕೇಳಿಸುವುದಿಲ್ಲ,
ನಲವತ್ತು ವರ್ಷದ ಎಂಜಿನ್ ಕೋಣೆ ಕಿವಿ ತಿಂದಿದೆ.
ಸ್ಕ್ರೂಡ್ರೈವರಿನ ತುದಿ ಕಬ್ಬಿಣಕ್ಕೆ ಒತ್ತಿ
ಹಿಡಿಯನ್ನು ಉಳಿದಿರುವ ಎಡಗಡೆಯ ಹಲ್ಲಲ್ಲಿ ಕಚ್ಚಿ
ಕಣ್ಣು ಮುಚ್ಚಿ ನಿಲ್ಲುತ್ತಾನೆ.
"ಇನ್ನೊಂದು ಚಳಿಗಾಲ," ಅನ್ನುತ್ತಾನೆ.

ಆ ಚಳಿಗಾಲದ ಜನವರಿ. ಹಡಗು ನಿಂತು ನಾಲ್ಕು ದಿನ.
ಬಾಲ ಮಡಿಸಿಕೊಂಡರೂ ರೆಕ್ಕೆಗಳು ಕಿರುಚುತ್ತಿದ್ದವು.
ಷೆಡ್ಡಿಗೆ ತೆವಳಿಕೊಂಡೇ ಹೋದೆ.
ಮೊದಲು ಬ್ಯಾಟರಿ ಬಿಡಿಸು. ಆಮೇಲೆ ಕಾಯಿ,
ಗಾಳಿ ಒಮ್ಮೆ ಉಸಿರೆಳೆದುಕೊಳ್ಳುತ್ತದೆ, ಆಗ
ಮೇಲಿನಿಂದ ಬಂದ ಎರಡೂ ವೈರನ್ನು ಒಂದಕ್ಕೊಂದು ಕೂಡಿಸು.
ಅಷ್ಟೇ. ಹೊರಗಿನ ಬಿರಿ ಬೇಡ, ಹಗ್ಗ ಬೇಡ;
ತಾನು ಹಡೆದದ್ದೇ ತಿರುಗಿ ಬಂದು ತನ್ನ ಕೈ ಹಿಡಿಯುತ್ತದೆ.
ಕಿರುಚು ಗೊಣಗಾಯಿತು, ಗೊಣಗು ನಿಂತಿತು.
ಬಿರುಗಾಳಿ ಮಾತ್ರ ಹಾಗೆಯೇ ಇತ್ತು, ಯಾವ ಕೆಲಸವೂ ಇಲ್ಲದೆ.
ಆ ರಾತ್ರಿ ಮೇಣದಬತ್ತಿ.

ಇವತ್ತು ಹೋಗಿದೆ. ಕೊಲ್ಲಿಯ ನೀರಲ್ಲಿ ಮೋಡ ಅಲುಗುತ್ತಿಲ್ಲ.
ಕಂಬ ಇಳಿಸಿ ಮರದ ಕುದುರೆಯ ಮೇಲೆ ಮಲಗಿಸಿದ್ದೇವೆ.
ಲೌರಿ ಸ್ಕ್ರೂಡ್ರೈವರನ್ನು ನನ್ನ ಕೈಗೆ ಕೊಟ್ಟ.
"ಕಚ್ಚು," ಅಂದ.
ಕಚ್ಚಿದೆ. ಅವನು ರೆಕ್ಕೆಯನ್ನು ಮೆಲ್ಲಗೆ ತಿರುಗಿಸಿದ.
ತಲೆಬುರುಡೆಯ ಒಳಗೆಲ್ಲ, ಹಲ್ಲಿನ ಬೇರಿನಿಂದ ಎದ್ದು,
ಹಿರಿಯಮ್ಮನ ಅಡುಗೆಮನೆ, ಬೆಳಗಿನ ಜಾವದ ಬೀಸುಕಲ್ಲು,
ರಾಗಿ ಒಡೆಯುವ ಗರಗರ, ನಡುನಡುವೆ ಬಳೆ.
ಬಿಡಲು ಮನಸ್ಸಾಗಲಿಲ್ಲ. ಎಂಜಲು ಸುರಿಯಿತು.
"ಏನು ಕೇಳಿಸಿತು, ನೀಲ್?"
ಅವನ ಭಾಷೆಯಲ್ಲಿ ನನಗೆ ಸಿಕ್ಕಿದ್ದು ಇಷ್ಟು:
ಕಲ್ಲಿನ ಮೇಲೆ ಕಲ್ಲು.
"ಹಾಗಾದರೆ ಮುಗಿಯಿತು ಅದರ ಕತೆ," ಅಂದ,
"ಹೊಸ ಬೇರಿಂಗು ಬಿಸ್ಕತ್ತಿನ ಡಬ್ಬದಲ್ಲಿದೆ, ತಾ.
ಮೂರು ಗಂಟೆಗೆ ಗಾಳಿ ಬರುತ್ತದೆ."