ಒಂದು ಗಂಟೆ ನಿಗದಿಯಾಗಿದೆ

ಕಲಾಸಿಪಾಳ್ಯದ ಬಸ್ಸುಗಳ ಹಾರನ್ನು
ಮೂರನೇ ಮಹಡಿಯ ಸ್ಕಿಲ್ ಲ್ಯಾಬಿಗೂ ಹತ್ತಿ ಬರುತ್ತದೆ.
ಕಿಟಕಿ ಮುಚ್ಚಿದರೆ ರಬ್ಬರಿನ ವಾಸನೆ,
ತೆಗೆದರೆ ಶಬ್ದ. ತೆಗೆದೇ ಇಟ್ಟಿದ್ದೇನೆ.

ಮೇಜಿನ ಮೇಲೆ ನಮ್ಮ ಗೊಂಬೆ,
ಕ್ಯಾಥೆಟರ್ ಹಾಕುವುದು ಕಲಿಸಲು ಟೆಂಡರಿನಲ್ಲಿ ಬಂದದ್ದು.
ಹೊಟ್ಟೆಯ ಕೆಳಗೆ ನಾಲ್ಕು ತಿರುಪು.
ಹೀಗೆ ಜೋಡಿಸಿದರೆ ಗಂಡು, ಹಾಗೆ ಜೋಡಿಸಿದರೆ ಹೆಣ್ಣು,
ಉಳಿದದ್ದು ಹಳೇ ಸ್ವೀಟ್ ಡಬ್ಬಿಯಲ್ಲಿ.
ಪ್ರತಿ ವರ್ಷ ತಿರುಪು ಬಿಚ್ಚುವಾಗ
ಹಿಂದಿನ ಬೆಂಚಿನಿಂದ ಒಂದು ನಗು ಏಳುತ್ತದೆ.
ಇಪ್ಪತ್ತೆರಡು ವರ್ಷದಿಂದ ಅದೇ ನಗು,
ಬಾಯಿಗಳು ಬೇರೆ.

ಇವತ್ತು ಬಿಚ್ಚಿ, ಎರಡನ್ನೂ ಪಕ್ಕಕ್ಕಿಟ್ಟೆ.
ಬಿಳಿ ಪ್ಲಾಸ್ಟಿಕ್ಕು, ನಾಲ್ಕು ತೂತು.
"ಇವರಿಗೆ ನೂರಮೂರು ಜ್ವರ. ಯಾವ ವಾರ್ಡಿಗೆ ಹಾಕ್ತೀರಿ?"
ನಗು ಅರ್ಧಕ್ಕೆ ನಿಂತಿತು.
ಲಿಂಗಸುಗೂರಿನ ಬಸಲಿಂಗಮ್ಮ, ಮೆಲ್ಲಗೆ:
"ಮೊದ್ಲು ಜ್ವರ ಇಳಸಬೇಕ್ರೀ ಮೇಡಂ."

ವೇಳಾಪಟ್ಟಿಯಲ್ಲಿ ಇದಕ್ಕೆ ಒಂದು ಗಂಟೆ,
ಕಡೆಯ ಘಟಕದ ಕಡೆಯ ಸಾಲು.
ಪಕ್ಕದಲ್ಲಿ 'ಸಮಯವಿದ್ದರೆ' ಎಂದು
ಯಾರೋ ಪೆನ್ಸಿಲಿನಲ್ಲಿ ಬರೆದಿದ್ದಾರೆ.
ಅಕ್ಷರ ನನ್ನದೇ.

ತೊಂಬತ್ತೇಳರಲ್ಲಿ ಓಪಿಡಿಯಲ್ಲಿ ನಾನು ಚೀಟಿ ಕರೆಯುತ್ತಿದ್ದೆ.
"ಗಂಗಾಧರ! ಯಾರ್ರೀ ಗಂಗಾಧರ?"
ಬೆಂಚಿನ ತುದಿಯಲ್ಲಿ ಹಸಿರು ವಾಯಿಲ್ ಸೀರೆಯೊಂದು ಅಲುಗಿತು,
ಏಳಲಿಲ್ಲ.
ನನಗೆ ಗೊತ್ತಿತ್ತು. ಗೊತ್ತಿದ್ದೇ
ಇನ್ನೊಂದು ಸಲ, ಇನ್ನೂ ಜೋರಾಗಿ ಕರೆದೆ.
ಕಾಲಿಗೆ ಸುತ್ತಿದ ಬಟ್ಟೆ ಕೀವಿನಿಂದ ಒದ್ದೆ;
ಅವರು ಎದ್ದು ಹೋದ ದಾರಿಯುದ್ದಕ್ಕೂ
ಮೊಸಾಯಿಕ್ ನೆಲದ ಮೇಲೆ ಚುಕ್ಕಿ, ಚುಕ್ಕಿ.
ಆಯಾ ಬಂದು ಫಿನಾಯಿಲ್ ಹಾಕಿ ಒರೆಸಿದಳು.
ನಾನು ರಿಜಿಸ್ಟರಿನಲ್ಲಿ ಬರೆದೆ: ರೋಗಿ ಹಾಜರಿಲ್ಲ.

ಇದನ್ನು ತರಗತಿಯಲ್ಲಿ ಹೇಳಲಿಲ್ಲ.
ಅಥವಾ ಹೇಳಿದೆನೋ,
ಅಷ್ಟು ಸುಮ್ಮನಿದ್ದರು, ಹೇಳಿರಬೇಕು.

ಬೋರ್ಡಿನ ಮೇಲೆ ಅವನು, ಅವಳು ಬರೆದು
ಕೆಳಗೆ ಅವರು ಎಂದು ಬರೆದೆ.
ನಮ್ಮಜ್ಜಿ ಬಾಗಿಲಿಗೆ ಬಂದವರಿಗೆಲ್ಲ ಬಳಸುತ್ತಿದ್ದ ಪದ,
ಹೊಸ ನಿಘಂಟು ಬೇಡ.
"ಗೊತ್ತಾಗದಿದ್ದರೆ ಕೇಳಿ, ನಿಮ್ಮನ್ನ ಏನಂತ ಕರೀಲಿ ಅಂತ.
ಕೇಳಿದ ಮೇಲೆ ಹಾಗೇ ಕರೀರಿ.
ಗುಂಡಿ ಬಿಚ್ಚೋಕೆ ಮೊದಲು ಪರದೆ ಎಳೀರಿ.
ನೋವು ಕಾಲಲ್ಲಿದ್ದರೆ ಕಾಲನ್ನೇ ನೋಡಿ."

ವಯನಾಡಿನ ಶಿನೋಜ್ ಎದ್ದು ನಿಂತ:
"ಮೇಡಂ, ವಾರ್ಡಲ್ಲಿ ನನ್ನೂ ಸಿಸ್ಟರ್ ಅಂತಾರೆ.
ಮೀಸೆ ಬಿಟ್ಟರೂ ಅಂತಾರೆ."
ಎಲ್ಲರೂ ನಕ್ಕರು, ಅವನೂ ಸೇರಿ.
"ಮೊದಲ ದಿನ ಹೇಗನ್ನಿಸ್ತು?" ಅಂದೆ.
ಉತ್ತರ ಕೊಡದೆ ಕೂತ.

ಅರ್ಧ ಗಂಟೆ ಕಳೆದಾಗ ದೊಡ್ಡಿಗುಂಟೆಯಿಂದ ಮಂದಾರ ಬಂದರು.
ಭಾಷಣ ಮಾಡಲಿಲ್ಲ. ಬಳೆ ಮೇಲೆ ಸರಿಸಿ, ತೋಳು ಚಾಚಿ,
"ಬಿಪಿ ನೋಡ್ರಮ್ಮ ಯಾರಾದ್ರೂ" ಅಂದರು.
ಪಟ್ಟಿ ಸುತ್ತುವಾಗ ಬಸಲಿಂಗಮ್ಮನ ಕೈ ನಡುಗಿತು,
ಆಮೇಲೆ ನಡುಗಲಿಲ್ಲ.
"ನೂರ ನಲವತ್ತು, ತೊಂಬತ್ತು. ಉಪ್ಪು ಕಮ್ಮಿ ಮಾಡ್ರಿ ಅಕ್ಕಾ."
"ಉಪ್ಪಿನಕಾಯಿ ಬಿಡಲ್ಲ ಕಣಮ್ಮ,
ಬೇರೇನಾದ್ರೂ ಹೇಳು."

ಗಂಟೆ ಹೊಡೆಯಿತು. ಎಲ್ಲ ಕ್ಯಾಂಟೀನಿಗೆ ಇಳಿದ ಮೇಲೆ
ಒಬ್ಬರು ಉಳಿದರು. ಹೆಸರು ಇಲ್ಲಿ ಬರೆಯುವುದಿಲ್ಲ.
ಗೊಂಬೆಗೆ ಹೊದಿಕೆ ಹೊದಿಸಿ, ಕತ್ತಿನವರೆಗೂ ಎಳೆದು,
ತಿರುಪುಗಳನ್ನು ಅಂಗೈಯಲ್ಲಿ ಎಣಿಸುತ್ತ,
ಮೂರು, ನಾಲ್ಕು, ಮತ್ತೆ ಮೊದಲಿಂದ,
ನನ್ನ ಕಡೆ ನೋಡದೆ ಕೇಳಿದರು:
"ಮುಂದಿನ ವರ್ಷ ಈ ಪಾಠ ಎರಡು ಗಂಟೆ ಮಾಡ್ತೀರಾ ಮೇಡಂ?"

ರಬ್ಬರು ಹುಡುಕಿದೆ, ಸಿಗಲಿಲ್ಲ.
'ಸಮಯವಿದ್ದರೆ'ಯನ್ನು ಬೆರಳಿನಿಂದಲೇ ಉಜ್ಜಿದೆ.
ಕಾಗದ ಕಪ್ಪಾಯಿತು,
ಬೆರಳೂ.