ಎರಡನೆಯ ದಿನ

ಗುಡುಗಿದ ಮೂರನೇ ಬೆಳಗಿಗೆ
ಜನ್ನಾಪುರದ ತಿರುವಿನಲ್ಲಿ ಹೂವಮ್ಮ ಕೂತಿರುತ್ತಾಳೆ,
ಉಪ್ಪಳಿಗೆ ಎಲೆಯ ಮೇಲೆ
ಮಣ್ಣು ಕೊಡವದ ಅಣಬೆ ಗುಡ್ಡೆ ಹಾಕಿಕೊಂಡು.
ಕಾರು ನಿಲ್ಲುತ್ತವೆ. ಚೌಕಾಸಿಗೆ ಅವಳು ಬಗ್ಗುವುದಿಲ್ಲ.
ಯಾವ ಹುತ್ತದ್ದು ಅಂತ ಕೇಳಿದರೆ
ಮೂಡಲಕ್ಕೆ ಕೈ ತೋರುತ್ತಾಳೆ, ಬಂದದ್ದು ಪಡುವಣದಿಂದ.
ಗಂಡನಿಗೂ ಹೇಳದ ಜಾಗ;
ಸೊಸೆಗೆ, ಸಾಯುವ ಹಿಂದಿನ ದಿನ ಹೇಳುತ್ತಾಳಂತೆ.

ನಾನು ಹಳೇ ಗಿರಾಕಿ. ಆದರೂ ಪ್ರತಿ ಸಲ
ಒಂದನ್ನು ಎತ್ತಿ ಪಾಠ ಮಾಡುತ್ತಾಳೆ:
"ನೋಡು ಸಿಸ್ಟರೇ, ಬಾಲ. ಗೇಣುದ್ದ.
ಹುತ್ತದ ಹೊಟ್ಟೆಯಿಂದ ಎಳೆದದ್ದು.
ಬಾಲ ಇಲ್ಲದೆ ಬುಡದಲ್ಲಿ ಚೀಲ ಕಟ್ಟಿಕೊಂಡಿದ್ದರೆ
ಅದು ನಿನ್ನ ಆಸ್ಪತ್ರೆಗೆ, ನನ್ನ ಎಲೆಗಲ್ಲ."

ಆ ಆಷಾಢದಲ್ಲಿ, ರಾತ್ರಿ ಎರಡೂವರೆಗೆ,
ಎಸ್ಟೇಟಿನ ಜೀಪು ಮೂವರನ್ನು ಇಳಿಸಿತು:
ಲಖನ್, ಅವನ ತಮ್ಮ ಬುಧುವಾ, ಹೆಂಡತಿ ಸುಕುರ್‌ಮಣಿ.
ರೈಟರ್ ಸೋಮೇಗೌಡ ಅರ್ಧಂಬರ್ಧ ಹಿಂದಿಯಲ್ಲಿ ಕೇಳಿದ,
ಏನು ತಿಂದಿರಿ?
"ಖುಖ್ರಿ," ಅಂದಳು. ನನಗೆ ತಿಳಿಯಲಿಲ್ಲ.
ಬೆರಳು ಕೂಡಿಸಿ, ಗಾಳಿಯಲ್ಲಿ
ಒಂದು ಪುಟ್ಟ ಕೊಡೆ ಬಿಚ್ಚಿ ತೋರಿಸಿದಳು.

ಅವರ ಊರಿನ ಸಾಲ್ ಕಾಡಿನಲ್ಲಿ
ಇಂಥದೇ ಬಿಳುಪು, ಇಂಥದೇ ತೊಟ್ಟು,
ಅವ್ವ ಮಾಡಿ ಬಡಿಸಿದ್ದು, ಎಷ್ಟೋ ಸಲ.
ಇಲ್ಲಿ ಸಿಲ್ವರ್ ಮರದ ಬುಡದಲ್ಲಿ ಕಂಡಾಗ
ರೈಲಿಲ್ಲದೆ, ಟಿಕೆಟ್ಟಿಲ್ಲದೆ
ಊರೇ ಬಂದು ನಿಂತ ಹಾಗಾಯಿತಂತೆ.

ಪೆದ್ದಿಯಲ್ಲ ಅವಳು. ಬೇಯುವಾಗ
ಬೆಳ್ಳಿಯ ಕಾಲುಂಗುರ ಬಿಚ್ಚಿ ಮಡಕೆಗೆ ಹಾಕಿದ್ದಳು.
ಕಪ್ಪಾಗಲಿಲ್ಲ.
ಮಂಚದ ಮೇಲೆ ಕಾಲು ಚಾಚಿ ತೋರಿಸಿದಳು, ಸಾಕ್ಷಿಗೆ.
ಹುಣಿಸೆಹುಳಿ ಹಾಕಿ ತಿಕ್ಕಿದಂತೆ ಹೊಳೆಯುತ್ತಿತ್ತು.
ನಮ್ಮಜ್ಜಿಯದೂ ಇದೇ ಪರೀಕ್ಷೆ.
ನಮ್ಮಜ್ಜಿಯ ಅದೃಷ್ಟ ದೊಡ್ಡದು, ಅಷ್ಟೆ.

ಬೆಳಗಿನವರೆಗೆ ಬೇಸಿನ್ನು, ಡ್ರಿಪ್ಪು, ಫಿನಾಯಿಲು.
ಮರುದಿನ ಮಧ್ಯಾಹ್ನ ವಾಂತಿ ನಿಂತಿತು.
ಬುಧುವಾ ಎದ್ದು ಕೂತು ಬೀಡಿಗೆ ಕೈಯೊಡ್ಡಿದ.
ಸುಕುರ್‌ಮಣಿ ಪಕ್ಕದ ಮಂಚದ ಮುದುಕಿಗೆ
ಜಡೆ ಹೆಣೆದುಕೊಟ್ಟಳು, ಕೇಳದೆಯೇ.
"ಬಿಟ್ಟುಬಿಡಿ ಸಿಸ್ಟರ್, ಗೆಲುವಾಗಿದ್ದಾರಲ್ಲ,
ಕೆಲಸ ನಿಂತಿದೆ," ಅಂದ ಸೋಮೇಗೌಡ.

ಈ ಎರಡನೆಯ ದಿನ ನನಗೆ ಗೊತ್ತು.
ಕೆಲವು ಅಣಬೆಗೆ ಅವಸರವಿಲ್ಲ.
ಹೊಟ್ಟೆ ತೊಳೆಸಿ, ಒಂದು ದಿನ ರಜೆ ಕೊಟ್ಟು,
ರೋಗಿ ತಲೆ ಬಾಚಿಕೊಳ್ಳುವಾಗ
ಲಿವರಿನ ಕೋಣೆ ಕೋಣೆ ಸುತ್ತಿ
ದೀಪ ಆರಿಸುತ್ತಾ ಬರುತ್ತದೆ, ಮನೆಯ ಹಿರಿಯರಂತೆ.

ಬುಧುವಾ ನಗುತ್ತಿದ್ದ.
ರೆಪ್ಪೆ ಎಳೆದು ಟಾರ್ಚು ಬಿಟ್ಟೆ:
ಅರಿಸಿನವೋ, ಮೂಡಿಗೆರೆಯ ವೋಲ್ಟೇಜೋ.
ಡಾಕ್ಟರು ಬರೆದ ಚೀಟಿ ಹಿಡಿದು ಓಡಿದೆ.
ಆಂಬುಲೆನ್ಸು, ಬೇಲೂರು ದಾಟಿ ಹಾಸನಕ್ಕೆ.
ಹತ್ತುವಾಗ ನನಗೊಂದು ಸಲಾಮು ಹೊಡೆದ
ದಿಬ್ಬಣದ ವ್ಯಾನು ಹತ್ತಿದವನ ಹಾಗೆ.

ಗಂಡ ಹೆಂಡತಿ ಉಳಿದರು.
ಅವನು ಮೂರು ಸಲ ಹಾಕಿಸಿಕೊಂಡಿದ್ದನಂತೆ.
ಇದನ್ನು ಆಕೆ ಕಾರ್ತೀಕದಲ್ಲಿ ಹೇಳಿದಳು,
ಬಿಪಿ ನೋಡಿಸಿಕೊಳ್ಳಲು ಬಂದಾಗ,
ಕಾಫಿ ಕುಯ್ಲಿನಲ್ಲಿ ಕಲಿತ ಕನ್ನಡದಲ್ಲಿ:
"ರುಚಿ ಇತ್ತು ಸಿಸ್ಟರ್. ತುಂಬಾ."
ಅಷ್ಟು ಹೇಳಿ, ತಪ್ಪು ಮಾತಾಡಿದಂತೆ ಬಾಯಿ ಮುಚ್ಚಿಕೊಂಡಳು.
ಕಾಲಲ್ಲಿ ಉಂಗುರವಿರಲಿಲ್ಲ.

ನಿನ್ನೆ ಮತ್ತೆ ಗುಡುಗಿದ ಮೂರನೇ ದಿನ.
ಡ್ಯೂಟಿ ಮುಗಿಸಿ ಬರುತ್ತಾ ಬೈಕು ನಿಲ್ಲಿಸಿ
ಅರ್ಧ ಕಿಲೋ ತಂದೆ.
ಒಂದೊಂದರ ಬಾಲವನ್ನೂ ಬೆರಳಲ್ಲಿ ಅಳೆದೆ.
ಈರುಳ್ಳಿ ಕಂದಿತು, ಕಾಯಿ ಬಿತ್ತು,
ಮಣ್ಣಿನದೂ ಮಾಂಸದದೂ ಅಲ್ಲದ ಆ ಪರಿಮಳಕ್ಕೆ
ಪಕ್ಕದ ಮನೆಯವರು ಕಿಟಕಿಗೆ ಬಂದರು.
ಅಕ್ಕಿರೊಟ್ಟಿ ಮುರಿದು ಅದ್ದಿ ತಿಂದೆ. ಇನ್ನಷ್ಟು ಹಾಕಿಕೊಂಡೆ.

ತಟ್ಟೆ ತೊಳೆದಿಟ್ಟು,
ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ
ಪೆನ್ಸಿಲಿನಿಂದ ಬರೆದೆ, ಎಂದಿನಂತೆ:
ಎಂಟು ಹತ್ತು.